ರಾಮಲಕ್ಷ್ಮಮ್ಮನವರ ನಿದ್ದೆಯ ಪರೀಕ್ಷೆ

ಗರುಡಾಚಾರ್‌ಪಾಳ್ಯದ ಆ ಮನೆಯಲ್ಲಿ ಬೆಳಗಿನ ಕಾಫಿ ಲೋಟ ಕೈಗೆ ಬಂದ ಕೂಡಲೇ ರಾಮಲಕ್ಷ್ಮಮ್ಮನವರು ಹಿಂದಿನ ರಾತ್ರಿಯ ಸಮಾಚಾರ ಒಪ್ಪಿಸುತ್ತಿದ್ದರು.

“ರೆಪ್ಪೆಗೆ ರೆಪ್ಪೆ ಅಂಟಿದ್ರೆ ಕೇಳು. ಬೆಳಗಾನ ಹಿಂಗೇ ಕಣ್ಣು ಬಿಟ್ಕಂಡು ಬಿದ್ದಿದ್ದೆ.”

ಸೊಸೆ ಸುಕನ್ಯ ಆಗ “ಅಯ್ಯೋ, ಹೌದಾ ಅತ್ತೆ?” ಎನ್ನಬೇಕಿತ್ತು. ಅನ್ನುತ್ತಿದ್ದಳು. ಅನ್ನುವಾಗ ಆಕಳಿಕೆ ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಏಕೆಂದರೆ ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಬಿದ್ದಿದ್ದವಳು ಅವಳು. ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು, ಅವರ ಗೊರಕೆ ಮೆಲ್ಲಗೆ ಶುರುವಾಗಿ, ಹದಕ್ಕೆ ಬಂದು, ಕೊನೆಗೆ ಕಿಟಕಿಯ ಸರಳಿಗೆ ಸಿಗಿಸಿದ್ದ ಕನ್ನಡಿಯೂ ಅದುರುವಷ್ಟಾಗುವುದನ್ನು ದಿನವೂ ಕೇಳುತ್ತಿದ್ದವಳು.

ಈ ಏರ್ಪಾಟು ಮಾವ ತೀರಿಕೊಂಡಾಗ ಶುರುವಾದದ್ದು. ಒಬ್ಬರೇ ಮಲಗಲು ಅತ್ತೆಗೆ ಹೆದರಿಕೆ, ನಿದ್ದೆ ಹತ್ತುವುದಿಲ್ಲ, ಪಕ್ಕದಲ್ಲಿ ಯಾರಾದರೂ ಇರಬೇಕು. ವರ್ಷದ ತಿಥಿ ಮುಗಿಯುವವರೆಗೆ ಎಂದು ಗಂಡ ಮುನಿಆಂಜನಪ್ಪ ಹೇಳಿದ್ದ. ತಿಥಿ ಮುಗಿಯಿತು, ಮತ್ತೊಂದು ತಿಥಿಯೂ ಮುಗಿಯಿತು, ಚಾಪೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ರಾತ್ರಿ ಒಮ್ಮೊಮ್ಮೆ ತಮ್ಮದೇ ಗೊರಕೆಗೆ ಬೆಚ್ಚಿ ರಾಮಲಕ್ಷ್ಮಮ್ಮನವರಿಗೆ ಎಚ್ಚರವಾಗುತ್ತಿತ್ತು. “ಸುಕನ್ಯಾ, ಎದ್ದಿದ್ದೀಯೇನೇ?” “ಹೂಂ ಅತ್ತೆ.” “ನಂಗೂ ನಿದ್ದೆ ಇಲ್ಲ ಕಣೆ. ಒಂದು ಲೋಟ ನೀರು ಕೊಡು.” ನೀರು ಕುಡಿದು ತಲೆ ದಿಂಬಿಗೆ ತಾಗುವಷ್ಟರಲ್ಲಿ ಗೊರಕೆ ಹಳೆಯ ಜಾಗಕ್ಕೇ ಬಂದು ಸೇರುತ್ತಿತ್ತು. ಸುಕನ್ಯ ಕೈಯಲ್ಲಿ ಖಾಲಿ ಲೋಟ ಹಿಡಿದು ಕೂತಿರುತ್ತಿದ್ದಳು.

ಆಚೆ ಕೋಣೆಯಲ್ಲಿ ಅವಳ ಮಗಳು ಲಿಖಿತ ಅಪ್ಪನ ಜೊತೆ ಮಲಗುತ್ತಿದ್ದಳು. ಎರಡನೇ ಕ್ಲಾಸಿನ ಹುಡುಗಿ. “ಅಮ್ಮಾ, ಅಜ್ಜಿದು ಮುಗಿದ ಮೇಲೆ ನನ್ ಸರದಿನಾ?” ಎಂದು ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು. ಸುಕನ್ಯಳಿಗೆ ಬೇರೇನೂ ಬೇಡವಾಗಿತ್ತು. ಆ ಕೋಣೆಯಲ್ಲಿ, ಮಗಳ ಕಾಲು ತನ್ನ ಹೊಟ್ಟೆಯ ಮೇಲೆ ಬಿದ್ದಿರುವಾಗ, ಯಾರೂ ಕರೆಯದ ಒಂದು ರಾತ್ರಿ. ಅಷ್ಟೇ.

ಬಾರದ ನಿದ್ದೆಗೆ ಆ ವಠಾರದಲ್ಲಿ ಹೆಸರುಗಳಿಗೇನೂ ಕಮ್ಮಿಯಿರಲಿಲ್ಲ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮುನಿಆಂಜನಪ್ಪ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಮೊದಲನೇ ಮನೆಯ ಸಾಬಿರಾ ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ ಕೈಯನ್ನು ಹಕ್ಕಿಯಂತೆ ಆಡಿಸಿ, “ಅಮ್ಮಾಂದು ನೀಂದ್ ಉಡ್‌ಗಯೀ. ನಿದ್ದೆ ಹಾರಿ ಹೋಗೈತೆ ನೋಡಿ. ಪಾಪ!” ಎನ್ನುತ್ತಿದ್ದಳು. ಅವಳ ಗಂಡ ಬಷೀರನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ. ಹಾರಿಹೋದದ್ದನ್ನು ಇಳಿಸಿ ತರಲು ಅವನ ಕೈಯಲ್ಲಿ ಗಸಗಸೆ ತರಿಸಿಕೊಟ್ಟಳು. ಹಲಸೂರಿನಿಂದ ರಾಮಲಕ್ಷ್ಮಮ್ಮನವರ ಅಕ್ಕ ಮುನಿಶಾಮಮ್ಮ ಬಂದು ತಂಗಿಯ ಕಣ್ಣಿನ ರೆಪ್ಪೆ ಎತ್ತಿ ನೋಡಿ, “ಗಾಳಿ ಸೋಕೈತೆ” ಎಂದು ತೀರ್ಪು ಕೊಟ್ಟು, ನಿಂಬೆಹಣ್ಣು ನಿವಾಳಿಸಿ ಇಳಿ ತೆಗೆದು ಹೋದರು. ಇಂದಿರಾನಗರದಲ್ಲಿದ್ದ ಮಗಳು ಹಂಸ ಫೋನಿನಲ್ಲಿ “ಅಮ್ಮ, ಅದಕ್ಕೆ ಇನ್‌ಸೋಮ್ನಿಯಾ ಅಂತಾರೆ” ಎಂದದ್ದೇ ತಡ, ರಾಮಲಕ್ಷ್ಮಮ್ಮನವರ ಮುಖದಲ್ಲಿ ಒಂದು ಕಳೆ ಬಂತು. ಗಾಳಿ ಯಾರಿಗೆ ಬೇಕಾದರೂ ಸೋಕೀತು. ಇಂಗ್ಲಿಷಿನಲ್ಲಿ ಹೆಸರಿರುವ ಕಾಯಿಲೆ ಆ ಬೀದಿಯಲ್ಲಿ ಇನ್ನೊಬ್ಬರಿಗಿರಲಿಲ್ಲ.

ಸುಕನ್ಯಳಿಗಿದ್ದದ್ದೂ ಅದೇ. ಆದರೆ ಸೊಸೆಗೆ ಬಂದಾಗ ಅದರ ಹೆಸರು ಬೇರೆಯಾಗುತ್ತಿತ್ತು. ಅವರೆಕಾಯಿ ಸುಲಿಯುತ್ತ ಕೂತಲ್ಲೇ ತಲೆ ವಾಲಿದರೆ ಅದು ತೂಕಡಿಕೆ. ಮಧ್ಯಾಹ್ನ ಗೋಡೆಗೊರಗಿದರೆ ಸೋಮಾರಿತನ. ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಅದು “ಗ್ಯಾನ ಎಲ್ಲೈತೋ” ಆಯಿತು. ಧೈರ್ಯ ಮಾಡಿ ಒಮ್ಮೆ ಗಂಡನ ಹತ್ತಿರ ಬಾಯಿ ಬಿಟ್ಟಿದ್ದಳು. “ನಂಗೂ ರಾತ್ರಿ ನಿದ್ದೇನೇ ಆಗ್ತಿಲ್ಲ ರೀ.”

ಮುನಿಆಂಜನಪ್ಪ ನೀರಿನ ಟ್ಯಾಂಕರಿನವನ ಜೊತೆ ಮೊಬೈಲಿನಲ್ಲಿ ಮಾತಾಡುತ್ತಿದ್ದವನು ಫೋನು ಕಿವಿಯಿಂದ ತೆಗೆದು ನಿಜವಾಗಿಯೂ ಆಶ್ಚರ್ಯಪಟ್ಟ. “ನಿಂಗಾ? ನಿಂಗೇನು ಚಿಂತೆ ಇದೆಯೇ?”

ಅವಳು ಯೋಚಿಸಿ ನೋಡಿದಳು. ನಿದ್ದೆಗೆಡಲು ಒಂದು ಯೋಗ್ಯತೆ ಬೇಕು. ವಯಸ್ಸಾಗಿರಬೇಕು, ಗಂಡ ಸತ್ತಿರಬೇಕು, ಇಲ್ಲ ಜಮೀನಾದರೂ ಮಾರಿರಬೇಕು. ತನ್ನ ಹತ್ತಿರ ಅಂಥದ್ದೇನೂ ಇರಲಿಲ್ಲ. ಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿದಳು.

ಇಂದಿರಾನಗರದಲ್ಲಿ ನಿದ್ದೆ ಪರೀಕ್ಷಿಸುವ ಜಾಗವೊಂದು ಹೊಸದಾಗಿ ಶುರುವಾಗಿತ್ತು. ಹಂಸಳೇ ಗೊತ್ತುಮಾಡಿದಳು. ಮೊದಲ ಸಲ ಹೋದಾಗ ಡಾಕ್ಟರು ರಾಮಲಕ್ಷ್ಮಮ್ಮನವರ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ನೋಡಿ ಅಮ್ಮ, ನಿದ್ದೆ ಬರಲ್ಲ ಅನ್ನೋರಲ್ಲಿ ನಾನಾ ಥರ. ಕೆಲವರಿಗೆ ಮಲಗಿದ ಕೂಡಲೇ ಬರಲ್ಲ. ಕೆಲವರಿಗೆ ನಡುವೆ ಹೋಗತ್ತೆ. ಇನ್ನು ಕೆಲವರು ಮಲಗಿರ್ತಾರೆ, ಆದರೆ ಮಲಗಿದ್ದು ನೆನಪಿರಲ್ಲ. ನಡುನಡುವೆ ಎಚ್ಚರ ಆಗಿದ್ದಷ್ಟೇ ನೆನಪಿರತ್ತೆ. ಅವರು ಸುಳ್ಳು ಹೇಳ್ತಾ ಇಲ್ಲ, ಅವರಿಗೆ ಹಾಗೇ ಅನಿಸಿರತ್ತೆ. ಒಂದು ರಾತ್ರಿ ಇಲ್ಲಿ ಮಲಗಿ. ತಲೆಗೆ ವೈರು ಅಂಟಿಸ್ತೀವಿ. ಮಿಷನ್ ಎಲ್ಲಾ ಹೇಳತ್ತೆ.”

ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಸುಕನ್ಯಳಿಗೆ ಎದ್ದು ಡಾಕ್ಟರ ಕಾಲಿಗೆ ಬೀಳೋಣ ಅನ್ನಿಸಿತು. ಇಷ್ಟು ದಿನ ಅವಳು ಹೇಳಲಾಗದ್ದನ್ನು ಮಿಷನ್ನು ಹೇಳುತ್ತದೆ. ಅತ್ತೆ ಮಲಗುತ್ತಾರೆ, ಸೊಗಸಾಗಿ ಮಲಗುತ್ತಾರೆ ಎಂದು ಡಾಕ್ಟರೇ ಅಂದುಬಿಟ್ಟರೆ, ಪಕ್ಕದಲ್ಲಿ ಕಾವಲಿಗೆ ಸೊಸೆ ಏಕೆ ಬೇಕು? ಆದರೆ ಮಿಷನ್ನು ಇನ್ನೊಂದು ಹೇಳಿದರೆ? ಕಾಯಿಲೆಯೇ ಎಂದರೆ? ಆಗ ಆ ಚಾಪೆ ಅವಳ ಪಾಲಿಗೆ ಜೀವಮಾನದ್ದು. ಪರೀಕ್ಷೆಯ ದಿನ ಬರುವವರೆಗೆ ಅವಳು ಅಡುಗೆ ಮಾಡುವಾಗಲೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ದೇವರೇ, ಆ ಒಂದು ರಾತ್ರಿ ಅತ್ತೆ ಚೆನ್ನಾಗಿ ಗೊರಕೆ ಹೊಡೆಯಲಿ.

ತಲೆ ತೊಳೆದುಕೊಂಡು ಬರಬೇಕೆಂದು, ಎಣ್ಣೆ ಹಚ್ಚಬಾರದೆಂದು ಅಲ್ಲಿಯವರು ಫೋನಿನಲ್ಲಿ ಹೇಳಿದ್ದರು. ಫೋನು ಎತ್ತಿದ್ದ ಮುನಿಆಂಜನಪ್ಪ ಅದನ್ನು ಅಮ್ಮನಿಗೆ “ತಲೆಗೆ ಸ್ನಾನ ಮಾಡ್ಕೊಂಡು ಬರಬೇಕಂತೆ” ಎಂದು ಮುಟ್ಟಿಸಿದ. ಎಣ್ಣೆಯ ಮಾತು ಅವನಿಗೆ ಹೆಂಗಸರ ವಿಷಯವೆನಿಸಿ ಅಲ್ಲೇ ಬಿಟ್ಟಿದ್ದ. ರಾಮಲಕ್ಷ್ಮಮ್ಮನವರು ಸ್ನಾನ ಮಾಡಿದರು. ಮಾಡಿ, ಪರೀಕ್ಷೆಗೆ ಹೋಗುವವರು ಹೇಗೆ ತಯಾರಾಗಿ ಹೋಗಬೇಕೋ ಹಾಗೆ, ನಡುನೆತ್ತಿಗೆ ಒಂದು ಬೊಗಸೆ ಹರಳೆಣ್ಣೆ ತಟ್ಟಿಕೊಂಡರು. ನಿದ್ದೆಗೆ ಅದಕ್ಕಿಂತ ಒಳ್ಳೆಯದು ಅವರಿಗೆ ಗೊತ್ತಿರಲಿಲ್ಲ. ಅಂದು ಶುಕ್ರವಾರವಾದ್ದರಿಂದ ಸುಕನ್ಯಳೂ ತಲೆಗೆ ಸ್ನಾನ ಮಾಡಿದ್ದಳು. ಅವಳಿಗೆ ಎಣ್ಣೆ ಹಚ್ಚಿಕೊಳ್ಳಲು ಪುರಸೊತ್ತಾಗಿರಲಿಲ್ಲ.

ಸಂಜೆ ಮುನಿಆಂಜನಪ್ಪ ಇಬ್ಬರನ್ನೂ ಕಾರಿನಲ್ಲಿ ಕರೆತಂದು ಬಿಟ್ಟು ಹೋದ. ಮೇಲಿನ ಮಹಡಿಯಲ್ಲಿ ಪುಟ್ಟ ಕೋಣೆ. ಬಿಳಿ ಹಾಸಿಗೆ, ಪಕ್ಕದಲ್ಲಿ ಜೊತೆಗೆ ಬಂದವರಿಗೆ ಒಂದು ಸೋಫಾ, ತಣ್ಣಗೆ ಓಡುವ ಎ.ಸಿ. ತಟ್ಟೆಯಲ್ಲಿ ಬಣ್ಣಬಣ್ಣದ ವೈರುಗಳನ್ನು ಇಟ್ಟುಕೊಂಡು ಬಂದ ಹುಡುಗಿಯನ್ನು ನೋಡಿದ್ದೇ ರಾಮಲಕ್ಷ್ಮಮ್ಮನವರು ಗೋಡೆಗೆ ಅಂಟಿಕೊಂಡರು.

“ಕರೆಂಟ್ ಹೊಡಿಯಾಕಿಲ್ವಾ?”

“ಇಲ್ಲ ಅಜ್ಜಿ, ಏನೂ ಆಗಲ್ಲ.”

“ಏನೂ ಆಗಲ್ಲ ಅನ್ನೋದಾದ್ರೆ ಮೊದ್ಲು ನಮ್ಮ ಸೊಸೆಗೆ ಹಾಕಿ ತೋರ್ಸು.”

“ಒಂದೇ ಒಂದು ಹಾಕ್ತೀನಿ, ನೋಡ್ಕೊಳ್ಳಿ.”

“ಒಂದ್ರಲ್ಲಿ ಏನ್ ಗೊತ್ತಾಗ್ತದೆ? ಎಲ್ಲಾ ಹಾಕು. ಆ ಮಿಷನ್ ಪೆಟ್ಟಿಗೇಗೂ ಸಿಗಿಸು. ಆಮೇಲೆ ನೋಡಾಣ.”

ಹುಡುಗಿ ಗಡಿಯಾರ ನೋಡಿದಳು. ವಾದ ಮಾಡುವುದಕ್ಕಿಂತ ವೈರು ಹಾಕುವುದೇ ಬೇಗ ಮುಗಿಯುತ್ತದೆ ಎನ್ನಿಸಿರಬೇಕು. ಸುಕನ್ಯ ಹಾಸಿಗೆಯ ಅಂಚಿನಲ್ಲಿ ಕೂತಳು. ಹುಡುಗಿಯ ಬೆರಳುಗಳು ಅವಳ ಕೂದಲು ಬಿಡಿಸಿ, ಬುರುಡೆಯ ಮೇಲೆ ತಂಪಾದ ಅಂಟು ಇಡುತ್ತ ಹೋದವು. ಕೆನ್ನೆ, ಗದ್ದ, ಕಣ್ಣಂಚು. ಯಾರೋ ತನ್ನ ತಲೆಯನ್ನು ಇಷ್ಟು ನಿಧಾನವಾಗಿ ಮುಟ್ಟಿ ಎಷ್ಟು ಕಾಲವಾಯಿತು ಎಂದು ಸುಕನ್ಯಳಿಗೆ ನೆನಪಾಗಲಿಲ್ಲ.

ಹುಡುಗಿ ವೈರುಗಳನ್ನು ಪೆಟ್ಟಿಗೆಗೆ ಸಿಗಿಸಿ ಗುಂಡಿ ಒತ್ತಿದಳು. “ನೋಡಿದ್ರಾ ಅಜ್ಜಿ? ಈಗ ನೀವು ಬನ್ನಿ.” ತಟ್ಟೆಯಲ್ಲಿ ಉಳಿದಿದ್ದ ಒಂದು ವೈರು ಅಂಟಿಸಿದಳು. ಅದು ಹಣೆಯ ಮೇಲಿಂದ ಜಾರಿ ಮಡಿಲಿಗೆ ಬಿತ್ತು. ಇನ್ನೊಂದು ಅಂಟಿಸಿದಳು. ಅದೂ ಬಿತ್ತು. “ಅಯ್ಯೋ, ತಲೆಗೆ ಏನು ಹಚ್ಚಿದ್ದೀರ?”

“ಹರಳೆಣ್ಣೆ. ಗಾಣದ್ದು.”

“ಹಚ್ಚಬೇಡಿ ಅಂತ ಹೇಳಿದ್ವಲ್ಲ!”

“ಎಲ್ಲಾರಾ ಉಂಟಾ ತಾಯಿ? ತಲೆ ಕಾದಿದ್ರೆ ನಿದ್ದೆ ಎಲ್ಲಿಂದ ಬತ್ತದೆ? ನಿದ್ದೆ ಬರದೇ ಹೋದ್ರೆ ನೀನು ಏನು ಪರೀಕ್ಸೆ ಮಾಡೀಯ?”

ಹುಡುಗಿ ಬಿದ್ದ ವೈರುಗಳನ್ನು ತಟ್ಟೆಗೆ ಹಾಕಿದಳು. ಅವಳ ಡ್ಯೂಟಿ ಮುಗಿಯುವ ಹೊತ್ತು ಬೇರೆ. ಕೆಳಗಿನ ಅಂಗಡಿಯಿಂದ ಶಾಂಪೂ ಕಳಿಸುತ್ತೇನೆ, ರಾತ್ರಿ ಡ್ಯೂಟಿಯವರು ಬಂದು ಸೊಸೆಯ ವೈರು ಬಿಚ್ಚಿ, ಅಜ್ಜಿಯ ತಲೆ ತೊಳೆಸಿ ಹಾಕುತ್ತಾರೆ, ಅಲ್ಲಿಯವರೆಗೆ ಅಲ್ಲಾಡದೆ ಕೂತಿರಿ ಎಂದು ಹೇಳಿ ಹೋದಳು. ಸುಕನ್ಯ ಕೂತೇ ಇದ್ದಳು. ಬೆನ್ನಿಗೆ ಇರಲಿ ಎಂದು ದಿಂಬನ್ನು ಸ್ವಲ್ಪ ಎತ್ತರಿಸಿಕೊಂಡಳು.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು.

ರಾತ್ರಿ ಡ್ಯೂಟಿಯವನೊಬ್ಬ ಅವಳ ಹಣೆಯಿಂದ ವೈರು ಕೀಳುತ್ತಿದ್ದ. “ಏನ್ ನಿದ್ದೆ ಮೇಡಂ! ಒಂದ್ಸಲಾನೂ ಹೊರಳಲಿಲ್ಲ. ಎಲ್ಲಾ ಚೆನ್ನಾಗಿ ರೆಕಾರ್ಡ್ ಆಗಿದೆ.” ಸುಕನ್ಯ ಧಡಕ್ಕನೆ ಎದ್ದು ಕೂತಳು. ಬಾಯಿ ತೆರೆಯುವ ಮೊದಲೇ ಸೋಫಾದಿಂದ ಒಂದು ಕೈ ಬಂದು ಅವಳ ಮೊಣಕೈ ಹಿಂಡಿತು. ಸೋಫಾದ ಮೇಲೆ ರಾಮಲಕ್ಷ್ಮಮ್ಮನವರು ಸೆರಗು ಹೊದ್ದು ಮುದುಡಿ ಕೂತಿದ್ದರು. ಕಣ್ಣು ಕೆಂಡದಂತೆ ಕೆಂಪಾಗಿತ್ತು. ಕೂದಲಿನಲ್ಲಿ ಎಣ್ಣೆ ಹಾಗೇ ಮಿರುಗುತ್ತಿತ್ತು.

ಆಟೋದಲ್ಲಿ ಕೂತ ಮೇಲೆ ಸುಕನ್ಯ ಅಳುವುದೊಂದು ಬಾಕಿ. “ಯಾಕತ್ತೆ ಎಬ್ಬಿಸಲಿಲ್ಲ? ಶಾಂಪೂ ಬರಲಿಲ್ವಾ?”

“ಬಂತು. ಆ ಹುಡುಗ್ನೇ ತಂದ. ಆ ಹುಡ್ಗಿ ಅವ್ನಿಗೇನೂ ಹೇಳಿರ್ಲಿಲ್ಲ ಅಂತ ಕಾಣ್ತದೆ, ಯಾರಿಗೆ ಇದು ಅಂದ. ಬೆಳಿಗ್ಗೆ ಅಂಟು ತೊಳಿಯಾಕೆ, ಇಟ್ಟೋಗಪ್ಪ ಅಂದೆ. ನಿನ್ನ ನೋಡಿ, ಓ ಆಗಲೇ ಮಲಗವ್ರೆ ಅಂದ್ಕಂಡು ಲೈಟ್ ಆರ್ಸಿ ಹೋದ.”

“ಅಯ್ಯೋ ಅತ್ತೆ!”

“ಎಬ್ಬಿಸಿದ್ರೆ ಆ ವೈರೆಲ್ಲ ನಂಗೆ ಬರ್ತಿರ್ಲಿಲ್ವಾ?” ರಾಮಲಕ್ಷ್ಮಮ್ಮನವರು ಹೊರಗೆ ನೋಡುತ್ತ ಕೂತರು. ಹಳೆ ಮದರಾಸು ರಸ್ತೆಯಲ್ಲಿ ಲಾರಿಗಳ ಸಾಲು ನಿಂತಿತ್ತು. ಅದನ್ನು ನೋಡುತ್ತಲೇ ಮೆಲ್ಲಗೆ ಕೇಳಿದರು. “ಅಲ್ಲಾ ಕಣೆ, ರಾತ್ರಿ ಅನ್ನೋದು ಅಷ್ಟುದ್ದ ಇರ್ತದಾ?”

“ಇರುತ್ತೆ ಅತ್ತೆ.”

“ಆ ಸೋಫಾದಾಗೆ ಕೂತೂ ಕೂತೂ ಸಾಕಾಗೋಯ್ತು. ಯಾರ್ನಾದ್ರೂ ಮಾತಾಡ್ಸಾಣ ಅಂದ್ರೆ ನೀನು ಮಲಗಿದ್ದೀಯ. ನೀರು ಕುಡಿಯಾಣ ಅಂದ್ರೆ ನಾನೇ ಎದ್ದೋಗಿ ತಕಬೇಕು.” ಯಾವುದೋ ಲೆಕ್ಕ ಕೂಡುತ್ತಿರುವಂತೆ ಹುಬ್ಬು ಗಂಟಿಕ್ಕಿದ್ದರು. “ಇನ್ನೊಂದು. ಮನೇಲಿ ನಂಗೆ ಎಚ್ಚರ ಆದಾಗೆಲ್ಲ ಗೊರಕೆ ಸದ್ದು ಕಿವಿಗೆ ಬಿದ್ದಂಗೆ ಇರ್ತದೆ. ಹೊಡಿತಿರೋದು ನೀನೇ ಅಂದ್ಕಂಡಿದ್ದೆ ನಾನು. ನಿನ್ನೆ ರಾತ್ರಿಯೆಲ್ಲ ಕಿವಿ ಕೊಟ್ಟು ಕೂತಿದ್ದೀನಿ, ಒಂದು ಸದ್ದೂ ಇಲ್ವಲ್ಲೇ!”

ಸುಕನ್ಯ ಆಟೋದವನ ಬೆನ್ನನ್ನೇ ನೋಡಿದಳು.

ಫಲಿತಾಂಶ ಕೇಳಲು ಹೋಗುವ ದಿನದವರೆಗೆ ಅವಳದ್ದು ಒಂದೇ ಲೆಕ್ಕಾಚಾರ. ಮಿಷನ್ನು ಅತ್ತೆಯ ಹೆಸರಿನಲ್ಲಿ ಒಳ್ಳೆಯ ನಿದ್ದೆ ಎಂದು ಹೇಳುತ್ತದೆ, ಅವಳಿಗೆ ಬಿಡುಗಡೆ. ಬೇಡಿಕೊಂಡದ್ದು ಕೈಗೆ ಬಂತು. ಆದರೆ ಬಂದ ಸಾಕ್ಷಿ ಸುಳ್ಳು. ಮಿಷನ್ನು ಕಂಡದ್ದು ಅವಳ ನಿದ್ದೆಯನ್ನು. ಸತ್ಯ ಹೇಳಿದರೆ ಮತ್ತೊಂದು ಪರೀಕ್ಷೆ, ಅತ್ತೆಗೆ ಮರ್ಯಾದೆಗೇಡು. ಹೇಳದಿದ್ದರೆ ಡಾಕ್ಟರಿಗೆ ಮೋಸ. ಹೇಳಿಯೇ ಬಿಡುವುದು ಎಂದು ತೀರ್ಮಾನಿಸಿಕೊಂಡು ಅವಳು ಕಾರು ಹತ್ತಿದಳು.

ಹಂಸಳೂ ಬಂದಿದ್ದಳು. ಡಾಕ್ಟರು ಕಂಪ್ಯೂಟರಿನ ಪರದೆಯನ್ನು ತಿರುಗಿಸಿ ಅಲೆಅಲೆಯಾದ ಗೆರೆಗಳನ್ನು ತೋರಿಸಿದರು. ಅವರ ಮುಖದಲ್ಲಿ ಅಪರೂಪದ ವಸ್ತು ಸಿಕ್ಕವರ ಖುಷಿಯಿತ್ತು.

“ಅರವತ್ತು ದಾಟಿದವರಲ್ಲಿ ಇಂಥ ನಿದ್ದೆ ನಾನು ನೋಡೇ ಇಲ್ಲ. ಬಾವಿಗೆ ಕಲ್ಲು ಹಾಕಿದ ಹಾಗೆ. ಮಲಗಿದ ಕೂಡಲೇ ತಳ ಸೇರಿಬಿಟ್ಟಿದ್ದಾರೆ.”

ರಾಮಲಕ್ಷ್ಮಮ್ಮನವರು ತಮ್ಮನ್ನೇ ಹೊಗಳಿದಂತೆ ಸೆರಗು ಸರಿಮಾಡಿಕೊಂಡರು.

“ಹಾಗಾದ್ರೆ ಅಮ್ಮಂಗೆ ಕಾಯಿಲೆ ಇಲ್ವಾ ಸಾರ್?” ಎಂದ ಮುನಿಆಂಜನಪ್ಪ.

“ಇಲ್ಲ. ಇದು ನಿದ್ದೆ ಬರದೇ ಇರೋರ ನಿದ್ದೆ ಅಲ್ಲ. ತುಂಬಾ ದಿನದಿಂದ ಮಲಗೋಕೆ ಬಿಡದೇ ಇರೋರ ನಿದ್ದೆ. ಮೈ ನಿದ್ದೆಗೆ ಹಸಿದು ಹೋಗಿದೆ. ಸುಮ್ಮನಿರೋ ಒಂದು ಕೋಣೆ ಸಿಕ್ಕಿದ್ದೇ ತಡ, ಮಲಗಿಬಿಟ್ಟಿದ್ದಾರೆ.” ಡಾಕ್ಟರು ಕನ್ನಡಕ ತೆಗೆದು ಎಲ್ಲರನ್ನೂ ನೋಡಿದರು. “ಮನೇಲಿ ಇವರ ಕೋಣೇಲಿ ಇನ್ಯಾರು ಮಲಗ್ತಾರೆ?”

ಮುನಿಆಂಜನಪ್ಪ ನಿಧಾನವಾಗಿ ಸುಕನ್ಯಳ ಕಡೆಗೆ ಕತ್ತು ತಿರುಗಿಸಿದ. ಹಂಸಳೂ ತಿರುಗಿಸಿದಳು.

“ಇವಳೇ ಸಾರ್, ನನ್ ಮಿಸೆಸ್ಸು.”

“ಗೊರಕೆ ಹೊಡೀತಾರಾ?”

“ನಂಗೆ ಹೇಗ್ ಗೊತ್ತಾಗ್ಬೇಕು ಸಾರ್? ನಾನು ಆಚೆ ರೂಮಲ್ಲಿ...”

“ಅತ್ತಿಗೆ, ಹೌದಾ?” ಹಂಸಳ ದನಿಯಲ್ಲಿ ಕನಿಕರವೂ ಆಕ್ಷೇಪವೂ ಬೆರೆತಿದ್ದವು. “ಪಾಪ ಅಮ್ಮ, ಎರಡು ವರ್ಷದಿಂದ ಒದ್ದಾಡ್ತಾ ಇದ್ರು. ಒಂದ್ ಮಾತು ಹೇಳಬಾರದಾ?”

ಸುಕನ್ಯ ಕುರ್ಚಿಯ ಕೈ ಹಿಡಿದುಕೊಂಡಳು. “ಡಾಕ್ಟ್ರೇ, ಅವತ್ತು ಅಲ್ಲಿ ಏನಾಯ್ತು ಅಂದ್ರೆ...”

ಮೇಜಿನ ಕೆಳಗೆ ರಾಮಲಕ್ಷ್ಮಮ್ಮನವರ ಕಾಲು ಅವಳ ಪಾದದ ಮೇಲೆ ಬಂದು ಕೂತಿತು. ಸುಕನ್ಯಳ ಕಾಲುಂಗುರ ಬೆರಳಿಗೆ ಒತ್ತುವಷ್ಟು ಭಾರವಾಗಿ.

“ಹೂಂ ಕಣಪ್ಪ, ಗೊರಕೆ,” ಎಂದರು ರಾಮಲಕ್ಷ್ಮಮ್ಮನವರು, ಡಾಕ್ಟರ ಕಡೆಗೇ ನೋಡುತ್ತ. “ಏನ್ ಗೊರಕೆ ಅಂತೀಯ! ರೈಲು ಹೋದಂಗೆ. ಮಗಳಂಗೆ ಅಂದ್ಕಂಡು ಸುಮ್ಕಿದ್ದೆ, ಬೇಜಾರು ಮಾಡ್ಕಂತಾಳೆ ಅಂತ. ನೀನೇ ಕೇಳ್ದೆ, ಹೇಳ್ದೆ. ಇವಳ್ನ ನನ್ನ ಕೋಣೆಯಿಂದ ಆಚೆ ಕಳಿಸಿಬಿಡಿ. ನಾನು ಕದ ಹಾಕ್ಕಂಡು ಒಬ್ಳೇ ಮಲಗ್ತೀನಿ.”

“ಹೆದರಿಕೆ ಆಗಲ್ವಾ ಅಮ್ಮ?” ಎಂದ ಮಗ.

“ಯಾತರ ಹೆದರಿಕೆ? ಗೊರಕೆ ಇಲ್ದಿದ್ರೆ ಆಯ್ತು.”

ಡಾಕ್ಟರು ತಲೆದೂಗಿದರು. ಬೇಕಾದರೆ ಈ ಸೊಸೆಯನ್ನೂ ಒಂದು ರಾತ್ರಿ ಕರೆತನ್ನಿ, ಗೊರಕೆಗೂ ಪರೀಕ್ಷೆ ಇದೆ ಎಂದರು. ಬೇಡವೇ ಬೇಡ ಎಂದು ರಾಮಲಕ್ಷ್ಮಮ್ಮನವರು ಕೈ ಮುಗಿದು ಎದ್ದರು.

ಮೆಟ್ಟಿಲು ಇಳಿಯುವಾಗ ಮಗನೂ ಮಗಳೂ ಮುಂದೆ ಹೋದ ಮೇಲೆ ಸುಕನ್ಯ ಅತ್ತೆಯ ತೋಳು ಹಿಡಿದು ಇಳಿಸುತ್ತ ಕೇಳಿದಳು. “ಯಾಕತ್ತೆ ಹಂಗಂದ್ರಿ?”

“ನಿಜ ಹೇಳಿದ್ರೆ ಆ ವೈರು ಮತ್ತೆ ನನ್ ತಲೇಗೆ ಬತ್ತಿತ್ತು,” ಎಂದರು ಅವರು. ಒಂದು ಮೆಟ್ಟಿಲು ಇಳಿದು ನಿಂತು ಉಸಿರು ತೆಗೆದುಕೊಂಡರು. “ಕಾಲು ನೋವಾಯ್ತಾ?”

“ಇಲ್ಲ ಅತ್ತೆ.”

“ಜೋರಾಗೇ ತುಳಿದೆ.”

ಆ ವಾರದಲ್ಲೇ ಸುಕನ್ಯಳ ಗೊರಕೆ ನೆಂಟರಿಷ್ಟರಿಗೆಲ್ಲ ತಲುಪಿತು. ಹಲಸೂರಿನ ಮುನಿಶಾಮಮ್ಮ, ಎಡಮಗ್ಗುಲಲ್ಲಿ ಮಲಗಿಸಿ ಎಂದು ಹೇಳಿಕಳಿಸಿದರು. ಹಂಸ ಫೋನು ಮಾಡಿ ಇದಕ್ಕೂ ಒಂದು ಇಂಗ್ಲಿಷ್ ಹೆಸರಿದೆ ಅತ್ತಿಗೆ, ಅಸಡ್ಡೆ ಮಾಡಬೇಡಿ ಎಂದಳು. ನಿದ್ದೆ ಇಲ್ಲದಿದ್ದಾಗ ಯಾರೂ ಕೊಡದ ಕಾಯಿಲೆಯನ್ನು ನಿದ್ದೆ ಬಂದ ಮೇಲೆ ಎಲ್ಲರೂ ಕೊಟ್ಟರು. ಮುನಿಆಂಜನಪ್ಪ ಮಾತ್ರ ಒಂದೆರಡು ದಿನ ಕಿವಿಗೊಟ್ಟು ನೋಡಿ, “ಏನೂ ಕೇಳಿಸ್ತಾನೇ ಇಲ್ವಲ್ಲ” ಎಂದು ಗೊಂದಲಪಟ್ಟ. “ನೀನು ಮಲಗಿಬಿಟ್ಟಿರ್ತೀಯ, ನಿಂಗೇನು ಗೊತ್ತಾಗ್ತದೆ” ಎಂದು ಅವನ ಅಮ್ಮ ಬಾಯಿ ಮುಚ್ಚಿಸಿದರು.

ಭಾನುವಾರ ಸುಕನ್ಯಳಿಗೆ ಎಚ್ಚರವಾದಾಗ ಬಿಸಿಲು ಆಗಲೇ ಹಾಸಿಗೆಯವರೆಗೆ ಬಂದಿತ್ತು. ಲಿಖಿತಳ ಕಾಲು ಅವಳ ಹೊಟ್ಟೆಯ ಮೇಲಿತ್ತು. ಗಾಬರಿಯಿಂದ ಏಳಬೇಕೆನ್ನುವಷ್ಟರಲ್ಲಿ ಕಿಟಕಿಯಾಚೆ ಮಾತು ಕೇಳಿಸಿತು.

“ಅಕ್ಕಾ ಇನ್ನೂ ಎದ್ದಿಲ್ಲಾ?” ಸಾಬಿರಾಳ ದನಿ.

“ಮೆಲ್ಲಗೆ ಮಾತಾಡು ತಾಯಿ. ಎಬ್ಬಿಸಬಾರದು ಅಂತ ಡಾಕ್ಟ್ರೇ ಹೇಳವ್ರೆ. ಗೊರಕೆ ಅಂದ್ರೆ ಸುಮ್ನೆ ಅಂದ್ಕಂಡೀಯಾ? ಅದೂ ಕಾಯಿಲೇನೇಯಾ.”

“ಹೌದಾ? ನಂಗೆ ಒಂದು ದಿನಾನೂ ಕೇಳಿಸಿಲ್ಲಾ ಅಮ್ಮಾ. ನಮ್ದು ಗೋಡೆ ಪಕ್ಕದಾಗೇ ಐತೆ. ಕೇಳಿಸಿದ್ರೆ ಆ ಕಡೆ ನಿಮ್ ರೂಮಿಂದ ಕೇಳಿಸ್ತದೆ, ನಿಮ್ದೂ...”

ಹೊರಗೆ ಮಾತು ನಿಂತುಹೋಯಿತು. ಸುಕನ್ಯ ಕಿವಿಗೊಟ್ಟಳು. ಅತ್ತೆಗೆ ಉತ್ತರ ಸಿಗುತ್ತಿಲ್ಲ. ಅವಳು ಮಗಳ ಕಾಲನ್ನು ಮೆಲ್ಲಗೆ ಸರಿಸಿ, ಕಿಟಕಿಯ ಕಡೆ ಮುಖ ಮಾಡಿ, ಜೀವಮಾನದಲ್ಲೇ ಮೊದಲ ಸಲ, ಗಂಟಲಿನಿಂದ ಒಂದು ಗೊರಕೆ ಎಳೆದಳು. ಅದು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಕೊನೆಯಲ್ಲಿ ಕೆಮ್ಮಿದಂತಾಯಿತು.

“ಕೇಳ್ದಾ?” ಎಂದರು ರಾಮಲಕ್ಷ್ಮಮ್ಮನವರು.